ಭಾರ ಬಿದ್ದಾಗ ಬಿಚ್ಚಿಕೊಳ್ಳದ ಲೀಶ್ ಹಾಗೂ ಅಪಾಯಕಾರಿ ಸೂಚನಾ ಪತ್ರದ ಕುರಿತು ದೂರು

ವಿದ್ಯಾನಗರ, ಹುಬ್ಬಳ್ಳಿ
20 ಫೆಬ್ರುವರಿ 2025

ಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಜಲಕ್ರೀಡಾ ಸಾಮಗ್ರಿ ವಿಭಾಗ, ಬೆಂಗಳೂರು

ಮಾನ್ಯರೇ,

ನಿಮ್ಮ ಸಂಸ್ಥೆಗೆ ನಾನು ಆರು ಸಲ ಫೋನ್ ಮಾಡಿದ್ದೇನೆ, ಮೂರು ಇಮೇಲ್ ಕಳಿಸಿದ್ದೇನೆ. ಮೊದಲ ಇಮೇಲ್ ಹೋದದ್ದು ಜನವರಿ 17ರಂದು. ನಿನ್ನೆ ಸಂಜೆ ಬಂದ ಉತ್ತರದಲ್ಲಿ ಇದ್ದದ್ದು ಒಂದೇ ಸಾಲು: "ಮರಳಿನಿಂದಾದ ಹಾನಿ ವಾರಂಟಿಗೆ ಒಳಪಡುವುದಿಲ್ಲ, ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ." ನಾನು ವಾರಂಟಿ ಕೇಳಿರಲೇ ಇಲ್ಲ. ಜೀವಕ್ಕೆ ಅಪಾಯ ತರುವ ದೋಷವೊಂದನ್ನು ತಿಳಿಸಿದ್ದೆ. ಹೀಗಾಗಿ ಇನ್ನು ಮುಂದೆ ನಮ್ಮ ಮಾತೆಲ್ಲ ಬರಹದಲ್ಲೇ ನಡೆಯಲಿ.

ಕಳೆದ ಡಿಸೆಂಬರ್‌ನಲ್ಲಿ ನಾನು ನಿಮ್ಮಿಂದ 6,400 ರೂಪಾಯಿಗೆ ಕೈಟ್‌ಸರ್ಫಿಂಗ್‌ನ ಹ್ಯಾಂಡಲ್ ಪಾಸ್ ಲೀಶ್ ಕೊಂಡೆ. ದೊಡ್ಡ ಗಾಳಿಪಟದ ಸೆಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಈ ಆಟದಲ್ಲಿ, ಸವಾರರ ಸೊಂಟದ ಪಟ್ಟಿಗೆ, ಅಂದರೆ ಹಾರ್ನೆಸ್ಸಿಗೆ, ಪಟವನ್ನು ಕಟ್ಟಿಡುವ ಸುರಕ್ಷತಾ ಹಗ್ಗವೇ ಲೀಶ್. ಮೊದಲು ಗಿಡ್ಡ ಲೀಶ್ ಬಂತು, ನಿಮ್ಮ ನಿಯಮದ ಪ್ರಕಾರವೇ ಅದನ್ನು ಮರಳಿಸಿ ಉದ್ದನೆಯದನ್ನು ತರಿಸಿಕೊಂಡೆ. ಆ ವಿಳಂಬದ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಅದರ ಜೊತೆ ಬಂದ ಸೂಚನಾ ಪತ್ರದಿಂದ ಶುರುವಾಗುತ್ತದೆ. ಲೀಶ್ ಸಿಕ್ಕಿಸುವ ಜಾಗ ಒಂದಲ್ಲ, ಎರಡು ಎಂಬುದು ಈ ಸಾಮಗ್ರಿ ಮಾರುವ ನಿಮಗೆ ತಿಳಿದೇ ಇರಬೇಕು. ಒಂದು, ಪಟದ ಮುಂದಿನ ದಾರಕ್ಕೆ, ಅಂದರೆ ಫ್ರಂಟ್ ಲೈನಿಗೆ, ಸೇರಿದ ಸೇಫ್ಟಿ ರಿಂಗ್. ಅಲ್ಲಿ ಸಿಕ್ಕಿಸಿಕೊಂಡು, ಪಟ ನಡೆಸುವ ಹಿಡಿಕೋಲಾದ ಬಾರ್ ಕೈಬಿಟ್ಟರೆ ಪಟ ಒಂದೇ ಲೈನಿನ ಮೇಲೆ ಜೋತುಬಿದ್ದು, ಗಾಳಿ ಕಳೆದುಕೊಂಡು, ನೀರಿಗೆ ಬೀಳುತ್ತದೆ. ಸವಾರ ಉಳಿಯುತ್ತಾನೆ, ಆದರೆ ಪ್ರತಿ ಸಲವೂ ಪಟವನ್ನು ನೀರಿನಿಂದ ಮತ್ತೆ ಎಬ್ಬಿಸಬೇಕು. ಇನ್ನೊಂದು, ಚಿಕನ್ ಲೂಪ್, ಅಂದರೆ ಬಾರನ್ನು ಹಾರ್ನೆಸ್ಸಿನ ಹುಕ್ಕಿಗೆ ಸಿಕ್ಕಿಸುವ ಕುಣಿಕೆ. ಹುಕ್ಕಿನಿಂದ ಲೂಪ್ ಬಿಡಿಸಿಕೊಂಡು, ಹಾರಿ, ಬಾರನ್ನು ಬೆನ್ನ ಹಿಂದೆ ಒಂದು ಕೈಯಿಂದ ಮತ್ತೊಂದು ಕೈಗೆ ದಾಟಿಸುವ, ಅಂದರೆ ಹ್ಯಾಂಡಲ್ ಪಾಸ್ ಮಾಡುವ, ಪಳಗಿದವರು ಲೀಶನ್ನು ಅಲ್ಲಿ ಸಿಕ್ಕಿಸುತ್ತಾರೆ, ಏಕೆಂದರೆ ಆಗ ಬಾರ್ ಜಾರಿದರೂ ಪಟ ಬೀಳದೆ ಆಕಾಶದಲ್ಲೇ ಉಳಿದು, ಸೆಳೆತವನ್ನಷ್ಟೇ ಕಡಿಮೆ ಮಾಡುತ್ತದೆ. ಸೆಳೆತ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಮತ್ತು ಚಿಕನ್ ಲೂಪಿನ ಕ್ವಿಕ್ ರಿಲೀಸ್, ಅಂದರೆ ತಟ್ಟನೆ ಬಿಚ್ಚುವ ಕೊಂಡಿ, ಬಾರಿನ ಜೊತೆಗೇ ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟಿರುತ್ತದೆ. ಪಟದಿಂದ ಬಿಡಿಸಿಕೊಳ್ಳಲು ಆಗ ಉಳಿಯುವ ದಾರಿ ಒಂದೇ, ಹಾರ್ನೆಸ್ಸಿನ ಕಡೆಗೆ ಲೀಶಿನ ತುದಿಯಲ್ಲಿರುವ ರಿಲೀಸ್. ಈ ಜೋಡಣೆಗೆ ಸವಾರರು 'ಸೂಸೈಡ್ ಮೋಡ್' ಎಂದು ಸುಮ್ಮನೆ ಹೆಸರಿಟ್ಟಿಲ್ಲ.

ನಿಮ್ಮ ಪತ್ರದಲ್ಲಿ ಒಂದೇ ಚಿತ್ರವಿದೆ, ಅದು ಈ ಎರಡನೆಯ ಜೋಡಣೆಯದು. ಅದರ ಕೆಳಗೆ "ಎಲ್ಲ ಸವಾರರಿಗೂ ಸೂಕ್ತ" ಎಂದು ಅಚ್ಚಾಗಿದೆ. ಸಂಶಯ ಬಂದು ಜನವರಿ 4ರಂದು ನಿಮ್ಮ ಚಾಟ್‌ನಲ್ಲಿ ಕೇಳಿದೆ: "ನಾನು ಅನ್‌ಹುಕ್ ಮಾಡಲು ಈಗಷ್ಟೇ ಕಲಿಯುತ್ತಿದ್ದೇನೆ, ಸೇಫ್ಟಿ ರಿಂಗಿಗೆ ಸಿಕ್ಕಿಸಬೇಕಲ್ಲವೇ?" ಉತ್ತರ ಹೀಗಿತ್ತು: "ಚಿತ್ರದಲ್ಲಿರುವಂತೆ ಮಾಡಿ ಮೇಡಂ, ಎರಡೂ ಒಂದೇ." ಅದರ ಪ್ರತಿ ನನ್ನ ಬಳಿ ಇದೆ. ಎರಡೂ ಒಂದೇ ಅಲ್ಲ. ಪಟವು ಬೀಳುವುದೋ ಎಳೆದುಕೊಂಡು ಹೋಗುವುದೋ ಎಂಬುದನ್ನು ತೀರ್ಮಾನಿಸುವುದೇ ಆ ವ್ಯತ್ಯಾಸ.

ಸಂಕ್ರಾಂತಿ ರಜೆಯಲ್ಲಿ ನಾನು ರಾಮೇಶ್ವರಕ್ಕೆ ಹೋಗಿದ್ದೆ. ಚಳಿಗಾಲದ ಈಶಾನ್ಯ ಗಾಳಿಗೆ ಅಲ್ಲಿ ಆಳವಿಲ್ಲದ, ಅಲೆಯಿಲ್ಲದ ನೀರು ಸಿಗುತ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ನನ್ನ ತರಬೇತುದಾರರು ಜೋಡಣೆ ನೋಡಿ ಬೇಡವೆಂದರು. ನಿಮ್ಮ ಲಿಖಿತ ಉತ್ತರ ತೋರಿಸಿ ಅವರನ್ನು ಒಪ್ಪಿಸಿದವಳು ನಾನೇ, ಆ ತಪ್ಪನ್ನು ಮುಚ್ಚಿಡುವುದಿಲ್ಲ. ಜನವರಿ 13ರಂದು ಮೂರನೆಯ ಪ್ರಯತ್ನದಲ್ಲಿ ಬಾರ್ ಕೈತಪ್ಪಿತು. ಬೆಳಿಗ್ಗೆ ಸುಮಾರು 15 ನಾಟ್ ಇದ್ದ ಗಾಳಿ ಅಷ್ಟರಲ್ಲಿ 20ಕ್ಕೆ ಏರಿತ್ತು. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 15 ಇದ್ದದ್ದು 20 ಆದರೆ ಸೆಳೆತ ಹೆಚ್ಚುಕಡಿಮೆ 1.8 ಪಟ್ಟಾಗುತ್ತದೆ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುವವಳು, ಅಂದು ಅದನ್ನು ಸೊಂಟದಲ್ಲಿ ಅನುಭವಿಸಿದೆ. ಬೆನ್ನ ಹಿಂದಿನ ರಿಲೀಸನ್ನು ತಡಕಿ ಹಿಡಿದು ಎಳೆದೆ. ಬಿಚ್ಚಲಿಲ್ಲ. ಎರಡನೆಯ ಸಲವೂ ಬಿಚ್ಚಲಿಲ್ಲ. ನೀರು ಮೂಗು ಬಾಯಿಗೆ ನುಗ್ಗುತ್ತಿತ್ತು, ಎಷ್ಟು ದೂರ ಎಳೆದೊಯ್ದಿತೋ ಹೇಳಲಾರೆ. ಪಟ ತಾನಾಗಿ ತಿರುಗಿ ನೀರಿಗೆ ಬಿದ್ದಾಗ ತರಬೇತುದಾರರು ಓಡಿಬಂದು ಅದನ್ನು ಹಿಡಿದರು. ಬಲ ಭುಜ ಉಳುಕಿ, ಹದಿನೈದು ದಿನ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದೆ.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಜನವರಿ 29ರ ಫೋನ್ ಕರೆ. ಮಧ್ಯಾಹ್ನ ಒಂದೂ ಕಾಲಕ್ಕೆ, ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ಫೋನ್ ಮಾಡಿದೆ. ಬಲಗೈ ಜೋಳಿಗೆಯಲ್ಲಿತ್ತು, ಎಡಗೈಯಲ್ಲಿ ಲೀಶ್ ಹಿಡಿದು ವಿವರಿಸಬೇಕಿತ್ತು, ಹಾಗಾಗಿ ಸ್ಪೀಕರ್ ಹಾಕಿದ್ದೆ. ಎದುರಿಗೆ ನಾಲ್ವರು ಸಹೋದ್ಯೋಗಿಗಳು ಕುಳಿತಿದ್ದರು. ಹನ್ನೊಂದು ನಿಮಿಷ ಸಂಗೀತ ಕೇಳಿಸಿದ ಮೇಲೆ ನಿಮ್ಮ ತಾಂತ್ರಿಕ ವಿಭಾಗದವರೊಬ್ಬರು ಮಾತಿಗೆ ಬಂದರು. ಅವರ ಮೊದಲ ಪ್ರಶ್ನೆ: "ಎಲ್ಲಿಂದ ಮಾತಾಡ್ತಿದ್ದೀರಾ?" ಹುಬ್ಬಳ್ಳಿ ಎಂದೆ. "ಹುಬ್ಬಳ್ಳೀಲಿ ಸಮುದ್ರ ಎಲ್ಲಿದೆ ಮೇಡಂ?" ಎಂದು ನಕ್ಕರು. ಅವರ ಪಕ್ಕದಲ್ಲಿದ್ದ ಯಾರೋ ನಕ್ಕದ್ದೂ ಕೇಳಿಸಿತು. ಅರಬೈಲು ಘಟ್ಟ ಇಳಿದರೆ ಅಂಕೋಲಾದಲ್ಲಿ ಸಮುದ್ರವಿದೆ, ಆದರೆ ನಾನು ಫೋನ್ ಮಾಡಿದ್ದು ಅದಕ್ಕಲ್ಲ ಎಂದೆ. "ಇದನ್ನ ಯೂಸ್ ಮಾಡೋದು ಯಾರು? ಸರ್‌ಗೆ ಫೋನ್ ಕೊಡಿ, ಅವರಿಗೆ ಹೇಳಿದ್ರೆ ಅರ್ಥ ಆಗುತ್ತೆ." ಬಳಸಿದ್ದು ನಾನೇ, ಭುಜ ಉಳುಕಿಸಿಕೊಂಡವಳೂ ನಾನೇ ಎಂದು ಎರಡು ಸಲ ಹೇಳಬೇಕಾಯಿತು. ರಿಲೀಸ್ ಎಷ್ಟು ಭಾರದವರೆಗೆ ಒಂದು ಕೈಯಲ್ಲಿ ಬಿಚ್ಚಬೇಕು ಎಂದು ಕೇಳಿದೆ. "ಅದು ಗಟ್ಟಿ ಇರ್ಲಿ ಅಂತಾನೇ ಮಾಡಿರೋದು ಮೇಡಂ, ಬಿಚ್ಚಿಕೊಂಡ್ರೆ ನಿಮ್ಮ ಗಾಳಿಪಟ ಕಳೆದುಹೋಗುತ್ತಲ್ಲ." ಸುರಕ್ಷತಾ ರಿಲೀಸ್ ಇರುವುದೇ ಬಿಚ್ಚಿಕೊಳ್ಳಲು ಎಂಬುದು ನಿಮ್ಮ ತಾಂತ್ರಿಕ ವಿಭಾಗಕ್ಕೆ ಗೊತ್ತಿಲ್ಲ. ಕೊನೆಗೆ ಅವರು, "ಕಷ್ಟ ಆದ್ರೆ ಇಂಥ ಆಟ ಯಾಕೆ ಆಡ್ಬೇಕು?" ಎಂದರು. ನನ್ನ ಎದುರು ಕುಳಿತಿದ್ದ ಹಿರಿಯ ಗಣಿತ ಉಪನ್ಯಾಸಕಿ ಕೈಚಾಚಿ ಫೋನ್ ಬಂದ್ ಮಾಡಿ, "ಬಿಡ್ರಿ ಮೇಡಂ, ಊಟಾ ಮಾಡ್ರಿ ಮೊದ್ಲ" ಎಂದರು. ಕಾಳಜಿಯಿಂದಲೇ ಹೇಳಿದ ಆ ಮಾತಿಗೆ ನಾನು ತಲೆ ಎತ್ತಲಾಗಲಿಲ್ಲ. ಹದಿನೇಳು ವರ್ಷದ ಹುಡುಗರಿಗೆ ಬಲಗಳ ನಿಯಮ ಹೇಳಿಕೊಡುವವಳು, ನನ್ನದೇ ಕೊಠಡಿಯಲ್ಲಿ, ಏನೂ ತಿಳಿಯದವಳಂತೆ ಮಾತು ಕೇಳಿಸಿಕೊಂಡೆ.

ಮರಳಿನ ಮಾತಿಗೆ ಬರುತ್ತೇನೆ. ಸಮುದ್ರ ತೀರದಲ್ಲಿ ಬಳಸುವ ವಸ್ತುವಿಗೆ ಮರಳು ತಗಲಬಾರದೆಂದು ನೀವು ಹೇಳುತ್ತಿದ್ದೀರಿ. ಆದರೂ ನಿಮ್ಮ ವಾದವನ್ನು ಪರೀಕ್ಷಿಸದೆ ತಳ್ಳಿಹಾಕಲಿಲ್ಲ. ಲೀಶನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿ, ನಮ್ಮ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಲೆಂದು ಹಾಕಿಸಿದ್ದ ಕಬ್ಬಿಣದ ಕೊಂಡಿಗೆ ಸಿಕ್ಕಿಸಿ, ಕೆಳಗೆ ಜೋಳದ ಚೀಲ ತೂಗಿಬಿಟ್ಟೆವು. 20 ಕಿಲೋಕ್ಕೆ ರಿಲೀಸ್ ಒಂದು ಕೈಯಲ್ಲಿ ಬಿಚ್ಚಿತು. 40 ಕಿಲೋಕ್ಕೆ ನನ್ನ ತಮ್ಮ ಎರಡೂ ಕೈ ಹಾಕಬೇಕಾಯಿತು. 60 ಕಿಲೋಕ್ಕೆ ಐದು ಸಲ ಎಳೆದರೂ ಬಿಚ್ಚಲಿಲ್ಲ. ಅಲ್ಲಿ ಒಂದು ಕಣ ಮರಳೂ ಇರಲಿಲ್ಲ. ಭಾರವಿಲ್ಲದಾಗ ಮಾತ್ರ ಸಲೀಸಾಗಿ ಬಿಚ್ಚುವ ಕಾರಣದಿಂದಲೇ ದಡದ ಮೇಲೆ ಎಳೆದು ನೋಡಿದಾಗ ನಮಗೆ ದೋಷ ಕಾಣಲಿಲ್ಲ. ಪೂರ್ತಿ ಪರೀಕ್ಷೆಯ ವಿಡಿಯೋವನ್ನು ಎರಡನೆಯ ಇಮೇಲ್‌ನಲ್ಲಿ ಕಳಿಸಿದ್ದೇನೆ, ಅದನ್ನು ನಿಮ್ಮಲ್ಲಿ ಯಾರೂ ತೆರೆದಿಲ್ಲ ಎಂದು ನಿನ್ನೆಯ ಉತ್ತರವೇ ಹೇಳುತ್ತದೆ. ಕೈಟ್‌ಬೋರ್ಡಿಂಗ್‌ನ ರಿಲೀಸ್ ವ್ಯವಸ್ಥೆಗಳಿಗೆಂದೇ 2020ರಲ್ಲಿ ಐಎಸ್‌ಒ 21853 ಮಾನದಂಡ ಪ್ರಕಟವಾಗಿದೆ. ಈ ಲೀಶನ್ನು ಅದರಂತೆ ಪರೀಕ್ಷಿಸಿದ್ದರೆ ವರದಿಯ ಪ್ರತಿ ಕಳಿಸಿ. ಪರೀಕ್ಷಿಸಿಲ್ಲವಾದರೆ ಹಾಗೆಂದೇ ಬರೆದುಕೊಡಿ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ನಿಯಮ ನಿಮ್ಮದೇ ಜಾಲತಾಣದ ಅಡಿಯಲ್ಲಿ ಅಚ್ಚಾಗಿದೆ, ಎರಡೂ ಗಡುವು ಮೀರಿವೆ. ಬೇರೆಯವರು ತಯಾರಿಸಿದ್ದಕ್ಕೆ ನಿಮ್ಮ ಹೆಸರು ಹಚ್ಚಿ ಮಾರಿದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವೇ ತಯಾರಕರು, ಮತ್ತು ಅಪಾಯ ತಪ್ಪಿಸುವಷ್ಟು ಸರಿಯಾದ ಬಳಕೆಯ ಸೂಚನೆ ಕೊಡದಿರುವುದಕ್ಕೂ 84ನೇ ಕಲಮಿನ ಪ್ರಕಾರ ತಯಾರಕರೇ ಹೊಣೆ.

6,400 ರೂಪಾಯಿ ಮರಳಿ ಬರಬೇಕು. ಅದು ಸಣ್ಣ ಮಾತು. ಈ ಲೀಶಿನ ಮಾರಾಟ ನಿಲ್ಲಬೇಕು, ಕೊಂಡ ಪ್ರತಿಯೊಬ್ಬರಿಗೂ ರಿಲೀಸಿನ ದೋಷವನ್ನೂ ಆ ಚಿತ್ರದ ತಪ್ಪನ್ನೂ ನೀವೇ ತಿಳಿಸಬೇಕು. ನನ್ನ ಅದೃಷ್ಟಕ್ಕೆ ಪಟ ಸಮಯಕ್ಕೆ ಸರಿಯಾಗಿ ನೀರಿಗೆ ಬಿತ್ತು, ಇನ್ನೊಬ್ಬರದು ಕಲ್ಲುದಡದ ಕಡೆಗೆ ಹೋಗಬಹುದು.

ಈ ಪತ್ರ ತಲುಪಿದ ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ, ಹೀಗಾಗಿ ಬರಬೇಕಾದವರು ನೀವು. ಅಂದು ಸಿಬ್ಬಂದಿ ಕೊಠಡಿಯಲ್ಲಿದ್ದ ನಾಲ್ವರೂ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಪರಿಶೀಲನೆಗೆಂದು ಲೀಶನ್ನು ಕೊರಿಯರ್ ಮಾಡಲು ನಿಮ್ಮವರು ಕೇಳಿದ್ದರು. ಅದನ್ನು ಕಳಿಸುವುದಿಲ್ಲ. ಅದು ಆ 60 ಕಿಲೋ ಜೋಳದ ಚೀಲದೊಂದಿಗೇ ಆಯೋಗದ ಮುಂದೆ ಬರುತ್ತದೆ, ಒಂದು ಕೈಯಲ್ಲಿ ಬಿಚ್ಚಿ ತೋರಿಸಬಲ್ಲವರನ್ನು ನೀವು ಕರೆತನ್ನಿ.

ಇಂತಿ,
ನಿಮ್ಮ ಗ್ರಾಹಕಿ