ಪ್ಲೆಸಂಟನ್ ಜಾತ್ರೆಯ ಹಸಿರು ಟೈಯವರಿಗೆ

ಅಲಮೇಡಾ ಕೌಂಟಿ ಫೇರ್‌ನ ದನದ ಕೊಟ್ಟಿಗೆಯಲ್ಲಿ ಹಸಿರು ಟೈ ಕಟ್ಟಿಕೊಂಡು ಮಕ್ಕಳ ಜೊತೆ ನಿಂತಿದ್ದ ಹಿರಿಯರೇ, ಗದ್ದಲದಲ್ಲಿ ನಿಮ್ಮ ಹೆಸರು ಕೇಳಲಾಗಲಿಲ್ಲ. ಆದರೂ ಈ ಋಣ ಹೇಳಿಕೊಳ್ಳಲೇಬೇಕು.

ನಮ್ಮಮ್ಮ ತಿಪಟೂರು ಕಡೆಯವರು, ಹಸು ಕಟ್ಟಿ ಸಂಸಾರ ತೂಗಿಸಿದವರು. ಜೈಂಟ್ ವೀಲ್, ಕರಿದ ತಿಂಡಿ ಯಾವುದೂ ಅವರನ್ನು ಸೆಳೆಯಲಿಲ್ಲ. ಕ್ಯಾಲಿಫೋರ್ನಿಯಾದ ಜೂನ್ ಬಿಸಿಲಿಗೆ ಸೋತಿದ್ದರು. ನೀವು ನೋಡಿದವರೇ ಫ್ಯಾನಿನ ಪಕ್ಕ ಕುರ್ಚಿ ಹಾಕಿ, ತಣ್ಣೀರು ಕೊಟ್ಟಿರಿ. ಆಮೇಲೆ ಫೋರ್-ಎಚ್ ಎಂಬ ನಿಮ್ಮ ಮಕ್ಕಳ ಸಂಘಟನೆಯ ಬಗ್ಗೆ ಸಾವಕಾಶವಾಗಿ ಹೇಳಿದಿರಿ: ತಲೆ, ಹೃದಯ, ಕೈ, ಆರೋಗ್ಯ (ಇಂಗ್ಲಿಷಿನಲ್ಲಿ ನಾಲ್ಕೂ ‘ಎಚ್’ ಅಕ್ಷರದಿಂದ ಶುರು), ಈ ನಾಲ್ಕರ ಹೆಸರಿನ ಪ್ರತಿಜ್ಞೆ, ಮಕ್ಕಳೇ ಕರು, ಕುರಿ, ಹಂದಿ ಸಾಕಿ, ಮೇವಿನ ಖರ್ಚು ಬರೆದಿಟ್ಟು, ಕಡೆಗೆ ಹರಾಜಿಗೆ ತರುವುದು. ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಮ್ಮನದು ಪ್ರಶ್ನೆ ಮೇಲೆ ಪ್ರಶ್ನೆ. ಕೆಚ್ಚಲು ಬಾವಿಗೆ ಏನು ಮಾಡ್ತಾರೆ? ಹೋರಿಗರುಗಳ ಗತಿ ಏನು? ಒಂದಕ್ಕೂ ನೀವು ಬೇಸರಪಡಲಿಲ್ಲ.

ಜರ್ಸಿ ಹಸುವಿನ ಗಂಗೆದೊಗಲು ಸವರಲು ಬಿಟ್ಟಿರಲ್ಲ, ಅದನ್ನು ಅಮ್ಮ ಫೋನಿನಲ್ಲಿ ಊರಿಗೆಲ್ಲ ಸಾರಿದ್ದಾರೆ! ಇಲ್ಲಿಗೆ ಬಂದ ಮೇಲೆ ಅವರು ಮನಬಿಚ್ಚಿ ಮಾತಾಡಿದ್ದು ಅಂದೇ. ನಿಮಗೂ, ಹಗ್ಗ ಹಿಡಿದು ನಿಂತಿದ್ದ ಆ ಪುಟ್ಟ ಹುಡುಗಿಗೂ ನಮ್ಮಿಬ್ಬರ ತುಂಬುಮನದ ನಮಸ್ಕಾರ.