‘ಸರ್ಕಾರ ಕೊಟ್ಟಾಗ ತಗೋರಿ’ ಎನ್ನಲು ಇವರ‍್ಯಾರು?

ಸಂಪಾದಕರೇ,

ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಕೇಳಲು ಹೋದವರಿಗೆ ‘ಸರ್ಕಾರ ಕೊಟ್ಟಾಗ ತಗೋರಿ, ಭಾಳ ಮಾತಾಡಬ್ಯಾಡ್ರಿ’ ಎಂದು ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಸಿಬ್ಬಂದಿ ಗದರಿದ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಓದಿ ಮೈ ಉರಿಯಿತು.

ಯಾವ ಸರ್ಕಾರ? ನಿಜಾಮರ ಫರ್ಮಾನಿನ (ರಾಜಾಜ್ಞೆಯ) ಕಾಲ 1948ರ ಸೆಪ್ಟೆಂಬರ್ 17ಕ್ಕೇ ಮುಗಿಯಿತು. ಪರಮಾಧಿಕಾರ ಅರಸನದೆಂದು 1576ರಲ್ಲಿ ವಾದಿಸಿದ ಫ್ರೆಂಚ್ ಚಿಂತಕ ಜೀನ್ ಬೋಡಿನ್ ಕೂಡ ಅರಸ ಪ್ರಜೆಗಳೊಂದಿಗಿನ ಒಪ್ಪಂದ ಮುರಿಯುವಂತಿಲ್ಲ ಎಂದಿದ್ದ. ನಮ್ಮಲ್ಲಿ ಸಂವಿಧಾನ ತಿದ್ದಲು ಸಂಸತ್ತಿಗೇ ಮಿತಿಯಿದೆಯೆಂದು ಸುಪ್ರೀಂ ಕೋರ್ಟಿನ 1973ರ ಕೇಶವಾನಂದ ಭಾರತಿ ತೀರ್ಪು ಹೇಳಿದೆ. ಕೌಂಟರಿನವರಿಗೆ ಮಾತ್ರ ಮಿತಿಯಿಲ್ಲವೇ?

371(ಜೆ) ಯಾರೂ ಕೊಟ್ಟ ದಾನವಲ್ಲ, ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಹಕ್ಕು. ಇಲ್ಲಿ ಹುಟ್ಟಿದವರು ಅಥವಾ 2013ರ ಜನವರಿ 1ಕ್ಕೆ ಮುಂಚಿನ 10 ವರ್ಷ ಇಲ್ಲೇ ವಾಸವಿದ್ದವರು ಸ್ಥಳೀಯರು. ದಾಖಲೆ ಸರಿಯಿದ್ದರೆ ಉಪವಿಭಾಗಾಧಿಕಾರಿ ಸಹಿ ಹಾಕಲೇಬೇಕು. ಈ ಭಾಗದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80, ‘ಡಿ’ಯಲ್ಲಿ ಶೇ 85 ಮೀಸಲು ಈ ಒಂದು ಕಾಗದದ ಮೇಲೆ ನಿಂತಿದೆ. ನೇಮಕಾತಿಯ ಕೊನೆಯ ದಿನ ದಾಟಿದ ಮೇಲೆ ಅದು ಕೈಗೆ ಬಂದರೇನು, ಬಿಟ್ಟರೇನು?

ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕ, ತಹಶೀಲ್ದಾರ್ ದಾಟಿ ಬಂದ ಕಡತವೂ ಶಾಲಾ ದಾಖಲೆಯ ಹೆಸರಿಗೂ ಆಧಾರ್‌ಗೂ ಒಂದಕ್ಷರ ವ್ಯತ್ಯಾಸವಿದೆಯೆಂದು ವಾಪಸಾಗುತ್ತದೆ. ಅದೂ ಬಾಯಿಮಾತಿನಲ್ಲಿ! ಲಿಖಿತ ತಿರಸ್ಕಾರವಿಲ್ಲದೆ ಯಾವುದರ ವಿರುದ್ಧ ಮೇಲ್ಮನವಿ ಹಾಕುವುದು? ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯಡಿ ಸ್ವೀಕೃತಿ ಸಂಖ್ಯೆ ಕೊಟ್ಟರಷ್ಟೇ ಗಡುವು ಎಣಿಕೆಗೆ ಬರುತ್ತದೆ. ಅದಕ್ಕೇ ಅರ್ಜಿ ಇಟ್ಟುಕೊಂಡು ‘ನಾಳೆ ಬರ‍್ರಿ’ ಎನ್ನುವುದು. ಸಂಖ್ಯೆ ಸಿಕ್ಕಿ ಗಡುವು ಮೀರಿದರೂ ಪರಿಹಾರ ದಿನಕ್ಕೆ ₹20, ಹೆಚ್ಚೆಂದರೆ ₹500. ಅಫಜಲಪುರ, ಆಳಂದದಿಂದ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು, ಜೆರಾಕ್ಸ್ ಖರ್ಚು ಬೇರೆ. ಮೇಲೆ ಸರ್ವರ್ ಡೌನ್. ಕುಡಿಯಲು ನೀರಿಲ್ಲ, ಕೂರಲು ಬೆಂಚಿಲ್ಲ.

2019ರಲ್ಲಿ ಈ ಭಾಗಕ್ಕೆ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು, ಬೋರ್ಡುಗಳೆಲ್ಲ ಬದಲಾದವು. ಬೋರ್ಡಿನ ಕೆಳಗೆ ಕೂತವರ ದರ್ಪ ಬದಲಾಗಲಿಲ್ಲ. ಪಹಣಿ ತಿದ್ದುಪಡಿಗೆ ಹೋದರೂ ಇದೇ, ಪಿಂಚಣಿಗೆ ಹೋದರೂ ಇದೇ. ಮೇಲಧಿಕಾರಿಗಳಿಗೆ ಹೇಳೋಣವೆಂದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’.

ಆ ಸಿಬ್ಬಂದಿಯನ್ನು ಕೂಡಲೇ ಕೌಂಟರಿನಿಂದ ಎಬ್ಬಿಸಬೇಕು. ಇಲ್ಲವೇ ಜಿಲ್ಲಾಧಿಕಾರಿಯೇ ಬಂದು ಅಲ್ಲಿ ಕೂರಲಿ. ಅರ್ಜಿ ಕೊಟ್ಟವರಿಗೆಲ್ಲ ಅಂದೇ ಸಂಖ್ಯೆ ಸಿಗಬೇಕು. ಜನರ ತೆರಿಗೆಯಲ್ಲಿ ಸಂಬಳ ಎಣಿಸಿ ಜನರನ್ನೇ ಗದರುವವರಿಗೆ ನಾಚಿಕೆಯಾಗಬೇಕು.

– ರಾಜ್ಯಶಾಸ್ತ್ರದ ನಿವೃತ್ತ ಉಪನ್ಯಾಸಕ, ಕಲಬುರಗಿ