ಅಕ್ಕಿ ಡಬ್ಬದಲ್ಲಿ ಹೋದ ಅರ್ಜಿಗಳು

ಸೋಮವಾರ ಆದೇಶದ ಪ್ರತಿ ಕೈಗೆ ಬಂತು. ಕಾಡಿನ ನೆಲದಲ್ಲಿ ತಲೆಮಾರುಗಳಿಂದ ಇರುವವರು ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಕೇಳಿ ಕೊಟ್ಟು, ತಿರಸ್ಕಾರವಾಗಿದ್ದ ಅರ್ಜಿಗಳನ್ನೆಲ್ಲ ಮತ್ತೆ ಗ್ರಾಮಸಭೆಗೆ ಕಳಿಸಿ, ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಇಟ್ಟುಕೊಂಡು ಹೊಸದಾಗಿ ನೋಡಬೇಕು ಅಂತ ಜಿಲ್ಲಾ ಸಮಿತಿ ಹೇಳಿದೆ. ಹಕ್ಕುಪತ್ರ ಬಂದಿಲ್ಲ, ಅದು ಇನ್ನೂ ದೂರ. ಮುಚ್ಚಿದ್ದ ಫೈಲು ತೆರೆದಿದೆ, ಅಷ್ಟೇ. ಅಷ್ಟಕ್ಕೇ ಎರಡು ದಿನದಿಂದ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಒಬ್ಬೊಬ್ಬರಿಗೂ ಹೇಳಿ ಮುಗಿಯುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕೇಸಿನ ಕಥೆ ಪೂರ್ತಿ ಹೇಳಲ್ಲ. ಮೂರು ವರ್ಷದಿಂದ ನನ್ನ ಬಾಯಲ್ಲಿ ಕೇಳಿ ಕೇಳಿ ನಿಮಗೆಲ್ಲ ಬಾಯಿಪಾಠ ಆಗಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಅರಣ್ಯ ಹಕ್ಕು ಕಾಯ್ದೆ ಅಂತ ಶುರು ಮಾಡಿದವಳು ನಾನು.

ನನ್ನ ಕೆಲಸ ಏನು ಅಂತ ಕೇಳುವವರು ಮಾತ್ರ ಇನ್ನೂ ಇದ್ದಾರೆ. ಶಿವಮೊಗ್ಗದ ಒಂದು ಸಮುದಾಯ ಪ್ರತಿಷ್ಠಾನದಲ್ಲಿ ಸಾರ್ವಜನಿಕ ನೀತಿ ವಿಭಾಗ ನೋಡಿಕೊಳ್ಳುತ್ತೇನೆ. ಊರಿನವರು, ಊರು ಬಿಟ್ಟು ಬೆಂಗಳೂರಲ್ಲಿ ಇರುವವರು ಕೊಟ್ಟ ದುಡ್ಡು ಒಟ್ಟು ಸೇರಿಸಿ ಇಲ್ಲಿನ ಕೆಲಸಗಳಿಗೆ ಕೊಡುವ ಸಂಸ್ಥೆ. ಶಾಲೆಗೆ ಬೆಂಚು ಕೊಟ್ಟರೆ ಬೆಂಚು ಕಾಣುತ್ತದೆ. ನನ್ನ ವಿಭಾಗದಲ್ಲಿ ಕಾಣುವುದು ಪತ್ರ, ಮನವಿ, ಸಭೆ, ಮತ್ತೆ ಪತ್ರ. ಕಾರ್ಡಿನಲ್ಲಿ 'ಅಡ್ವೊಕೆಸಿ' (ಜನರ ಪರವಾಗಿ ದನಿ ಎತ್ತುವ ಕೆಲಸ) ಅಂತ ಅಚ್ಚಾಗಿರುವುದರಿಂದ ಹಳ್ಳಿಗಳಲ್ಲಿ ನಾನು ಲಾಯರಮ್ಮ. ಅಣ್ಣತಮ್ಮಂದಿರ ಪಾಲಿನ ಜಗಳ, ಸೊಸೈಟಿ ಸಾಲ, ಒಂದು ಸಲ ಕಳೆದುಹೋದ ಎಮ್ಮೆ, ಎಲ್ಲ ನನ್ನ ಹತ್ತಿರ ಬಂದಿವೆ. ಎಮ್ಮೆ ಸಿಕ್ಕಿತು. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ.

ಈಗ ಧನ್ಯವಾದ. ಫೀಸು ಮುಟ್ಟದ ವಕೀಲರಿಗೆ, ಬೆಳಿಗ್ಗೆ ಏಳಕ್ಕೇ ಶಟರ್ ಎತ್ತಿದ ಜೆರಾಕ್ಸ್ ಅಂಗಡಿ ಹುಡುಗನಿಗೆ, ನಮ್ಮ ಪಿಕಪ್ ಡ್ರೈವರ್ ಅಣ್ಣನಿಗೆ, "ಇದು ರಾಜಕೀಯ ಆಗಲ್ವೇನಮ್ಮ" ಅಂತ ಪ್ರತಿ ಸಭೆಯಲ್ಲೂ ಕೇಳಿ ಪ್ರತಿ ಸಭೆಯಲ್ಲೂ ಸಹಿ ಹಾಕಿದ ಟ್ರಸ್ಟಿಗಳಿಗೆ, ನನ್ನ ಪಾಲಿನ ಅಡುಗೆಯನ್ನೂ ಮಾಡಿದ ಅತ್ತೆಗೆ ಮತ್ತು ನಮ್ಮೆಜಮಾನರಿಗೆ. ನಿಮಗೆಲ್ಲ ಒಂದೇ ವಾಕ್ಯ ಆಯಿತು, ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಅವರ ಹೆಸರು ಹಾಕಲ್ಲ. "ಪೇಪರ್ ಗೀಪರಲ್ಲಿ ನನ್ನ ಹೆಸರು ಬರಬಾರ್ದು ನೋಡು" ಅಂತ ಮೊದಲೇ ಹೇಳಿದ್ದಾರೆ. ಅಕ್ಕ ಅಂತ ಬರೆಯುತ್ತೇನೆ. ಅವರನ್ನು ನಾನು ಕರೆಯುವುದೂ ಹಾಗೇ. ಹಿನ್ನೀರಿನ ಕಡೆಯ ಹಳ್ಳಿ. ನಾಲ್ಕನೇ ಕ್ಲಾಸು ಓದಿದ್ದಾರೆ. ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ.

ಕಳೆದ ವರ್ಷ ಸ್ವಾತಿ ಮಳೆ ಹೊತ್ತು. ಉಪವಿಭಾಗ ಸಮಿತಿ ಅರ್ಜಿ ತಿರಸ್ಕರಿಸಿದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಕೊಡಲು 60 ದಿನ ಸಮಯ. ನಾವು 59ನೇ ದಿನದಲ್ಲಿದ್ದೆವು. 'ತಿರಸ್ಕೃತ' ಅನ್ನುವ ಪದಕ್ಕೆ ಆ ಊರಿನವರು ಎಷ್ಟು ಹೆದರುತ್ತಾರೆ ಅಂತ ಪೇಟೆಯಲ್ಲಿ ಕೂತವರಿಗೆ ಗೊತ್ತಾಗಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು. ಅದೇ 28ಕ್ಕೆ ಆ ಆದೇಶಕ್ಕೆ ತಡೆ ಬಂತು. ನಡುವಿನ ಆ ಹದಿನೈದು ದಿನ ಅವರು ಇನ್ನೂ ಮರೆತಿಲ್ಲ.

ನಮ್ಮವರ ಕಷ್ಟ ಇಷ್ಟು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರು ಅಂತ ತೋರಿಸಬೇಕು. 1930ರ ಕಾಗದ ಯಾರ ಮನೆಯಲ್ಲಿದೆ? ಗೆದ್ದಲು ತಿಂದಿದೆ, ಇಲ್ಲ ಸೋರುವ ಮನೆಯಲ್ಲಿ ಕೊಳೆತಿದೆ. ಆದರೆ ನಿಯಮದಲ್ಲಿ ದಾರಿ ಇದೆ. ಹಳೇ ಬಾವಿ, ಸಮಾಧಿ, ದೇವರ ಜಾಗ ಇವೆಲ್ಲ ಸಾಕ್ಷ್ಯವೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯವೇ. ಇದನ್ನು ಓದಿ ಹೇಳಿದ್ದೇ ನನ್ನ ದೊಡ್ಡ ಸಾಧನೆ ಅಂತ ನಾನು ತಿಳಿದುಕೊಂಡಿದ್ದೆ. ಹನ್ನೊಂದು ಹಿರಿಯರ ಹೇಳಿಕೆ ನಾನೇ ಕೂತು ಬರೆದಿದ್ದೆ, ಚೆಂದದ ಕಪ್ಪು ಜೆಲ್ ಪೆನ್ನಿನಲ್ಲಿ.

ಅವತ್ತು ಸಂಜೆ ಕೊನೆಯ ಹೆಬ್ಬೆಟ್ಟು ಹಾಕಿಸಿಕೊಂಡು ವಾಪಸು ಹೊರಟೆ. ರಸ್ತೆಗೆ ಬರಬೇಕಾದರೆ ಒಂದು ಹಳ್ಳ, ಅದರ ಮೇಲೆ ಅಡಿಕೆ ಮರದ ಸಂಕ. "ಟಾರ್ಪಾಲು ಸುತ್ತಿ ಕೊಡ್ತೀನಿ ತಡೀರಿ" ಅಂದ ಡ್ರೈವರ್ ಅಣ್ಣನಿಗೆ, "ಐದು ನಿಮಿಷದ ದಾರಿಗೆ ಯಾಕೆ" ಅಂದಿದ್ದು ನಾನೇ. ಸಂಕದ ಮೇಲೆ ಕಾಲು ಜಾರಿತು. ನಾನು ಮರ ಹಿಡಿದುಕೊಂಡೆ. ಚೀಲ ಹಳ್ಳಕ್ಕೆ ಬಿತ್ತು.

ಫೋಟೊ ತೆಗೆದಿಟ್ಟಿರಲಿಲ್ವಾ ಅಂತ ಕೇಳಬೇಡಿ. ಅರ್ಜಿಗಳದ್ದು ಇತ್ತು. ಹಿರಿಯರ ಹೇಳಿಕೆಗಳದ್ದು ಇರಲಿಲ್ಲ.

ಹತ್ತಿರದಲ್ಲಿ ಬೆಳಕು ಇದ್ದಿದ್ದು ಅಡಿಕೆ ಸುಲಿಯುವ ಮನೆಯಲ್ಲಿ. ಹೋದೆ. ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಆಚೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಚೀಲ ಬಿಚ್ಚಿದರೆ ನನ್ನ ಚೆಂದದ ಅಕ್ಷರವೆಲ್ಲ ಕಪ್ಪು ನೀರಾಗಿತ್ತು. ಬಾಲ್ ಪೆನ್ನಿನಲ್ಲಿ ತುಂಬಿದ್ದ ಅರ್ಜಿಗಳು ಮಾತ್ರ ಉಳಿದಿದ್ದವು. ನಾನು ಅಲ್ಲೇ ಸಿಪ್ಪೆ ರಾಶಿಯ ಪಕ್ಕ ಕೂತು ಅಳಲು ಶುರು ಮಾಡಿದೆ. ನನ್ನದು ಸಂಬಳ ಬರುವ ಕೆಲಸ. ನಾಳೆ ಕೆಟ್ಟರೆ ನನಗೊಂದು ಬೈಗುಳ. ನೆಲ ಹೋಗುವುದು ಅವರದ್ದು. ಆ ಕ್ಷಣ ನನಗೆ ಇದಕ್ಕಿಂತ ಬೇರೆ ಏನೂ ಹೊಳೆಯಲಿಲ್ಲ. ಈಗ ಬರೆಯುವಾಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಅಕ್ಕ ಕತ್ತಿ ಬಿಟ್ಟು ಎದ್ದು ಬಂದರು. ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ.

"ಅಳೂದಾದ್ರೆ ಆಚೆ ಹೋಗಿ ಅಳು ಮಾರಾಯ್ತಿ. ಕಾಗ್ದದ ಮೇಲೆ ಬೀಳ್ತದೆ."

ಆಮೇಲೆ ನಡೆದಿದ್ದೆಲ್ಲ ಅವರದ್ದೇ ಯಜಮಾನಿಕೆ. ಅರ್ಜಿಗಳನ್ನು ಒಂದೊಂದಾಗಿ ಬಿಡಿಸಿ, ಹಳೇ ಪೇಪರಿನ ನಡುವೆ ಒತ್ತಿ, ಒಲೆಯ ಹತ್ತಿರ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಿಸಿದರು. ಇಬ್ಬರು ಹುಡುಗಿಯರನ್ನು ಅದಕ್ಕೇ ಕಾವಲು ಕೂರಿಸಿದರು. ಟಾರ್ಚು ಹಿಡಿದು "ಏಳು, ಅಜ್ಜಂದಿರನ್ನ ಎಬ್ಬಿಸಬೇಕು" ಅಂದರು. ರಾತ್ರಿ ಒಂಬತ್ತೂವರೆ, ಮಳೆ. ಮನೆಯಿಂದ ಮನೆಗೆ ಹೋದೆವು. ನನ್ನ ಕೈ ನಡುಗುತ್ತಿತ್ತು, ಅಕ್ಷರ ಮೂಡಲಿಲ್ಲ. ಅಕ್ಕ ಪ್ಯಾಡು ಕಿತ್ತುಕೊಂಡು ಮಗನ ಬಾಲ್ ಪೆನ್ನಿನಲ್ಲಿ ತಾವೇ ಬರೆಯಲು ಕೂತರು.

ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಬರೆದಿದ್ದ ಹನ್ನೊಂದು ಹೇಳಿಕೆಗಳಲ್ಲೂ ಒಂದೇ ಸಾಲು ಇತ್ತು: 'ಸದರಿಯವರು ಅನಾದಿ ಕಾಲದಿಂದಲೂ ಸದರಿ ಸ್ಥಳದಲ್ಲಿ ವಾಸವಾಗಿರುತ್ತಾರೆ.' ಕಚೇರಿಗೆ ಇದೇ ಭಾಷೆ ಬೇಕು ಅಂತ ನನ್ನ ನಂಬಿಕೆ. ಅಕ್ಕನಿಗೆ 'ಸದರಿ' ಬರೆಯಲು ಬರಲ್ಲ. ಅಜ್ಜ ಹೇಳಿದ್ದನ್ನು ಹೇಳಿದ ಹಾಗೇ ಬರೆದರು.

82 ವರ್ಷದ ಅಜ್ಜ ಕಂಬಳಿ ಹೊದ್ದುಕೊಂಡೇ ಹೇಳಿದರು. ಪಕ್ಕದ ಮನೆ ಹಿತ್ತಲಿನ ಬಾವಿ ತೋಡುವಾಗ ತನ್ನ ಅಜ್ಜಿ ಬಸುರಿ. ನೀರು ಬಿದ್ದ ವಾರಕ್ಕೇ ದೊಡ್ಡತ್ತೆ ಹುಟ್ಟಿದಳು, ಅದಕ್ಕೇ ಅವಳಿಗೆ ಗಂಗೆ ಅಂತ ಹೆಸರು. ಆಮೇಲೆ ಎರಡು ವರ್ಷಕ್ಕೆ ಅಪ್ಪ ಹುಟ್ಟಿದ. ಅಪ್ಪನಿಗೆ 24 ಆದಾಗ ತಾನು. ಅತ್ತೆಯ ಕಲ್ಲು ಚೌಡಿ ಬನದ ಹಿಂದೆ ಇದೆ, ಬೇಕಾದರೆ ತೋರಿಸುತ್ತೇನೆ. ಅಕ್ಕ ಪೇಪರಿನ ಅಂಚಿನಲ್ಲಿ ಕೂಡಿದರು. 82, 24, 2. ನೂರೆಂಟು. "ನಿಂಗೆ ಎಪ್ಪತ್ತೈದು ಅಲ್ವನೇ ಬೇಕಾಗಿದ್ದು? ನೂರೆಂಟು ಸಾಕಾ?" ಅಂದರು.

ಬಾವಿ, ಸಮಾಧಿ, ದೇವರ ಬನ. ನಿಯಮ ಕೇಳುವ ಸಾಕ್ಷ್ಯಗಳೆಲ್ಲ ಒಂದು ಕಂಬಳಿಯೊಳಗಿಂದ ಬಂದವು. ಸಂಜೆ ಇದೇ ಅಜ್ಜನ ಹತ್ತಿರ ನಾನು ಹತ್ತು ನಿಮಿಷ ಕೂತಿದ್ದೆ. ಅಜ್ಜ ಏನೋ ಬಾವಿ ಅಂತ ಶುರು ಮಾಡಿದ್ದರು, ನನಗೆ ಹೆಬ್ಬೆಟ್ಟಿನ ಅರ್ಜೆಂಟು. ಸೋಮವಾರ ಬಂದ ಆದೇಶದಲ್ಲಿ ಆ ಬಾವಿಯ ಮಾತು ಇದೆ.

ಹನ್ನೊಂದೂ ಮುಗಿದಾಗ ಮೂರು ಗಂಟೆ. ಕೊನೆಯ ಮನೆಯಲ್ಲಿ ಸ್ಟಾಂಪ್ ಪ್ಯಾಡು ಒಣಗಿತ್ತು, ನಾಲ್ಕು ಹನಿ ನೀರು ಹಾಕಿ ಒತ್ತಿಸಿದೆವು. ಆ ಹಾಳೆಯ ಮೂಲೆಯಲ್ಲಿ ಅಕ್ಕನ ಬೆರಳಿನ ಗುರುತೂ ಇದೆ, ಅಡಿಕೆ ಚೊಗರಿನದ್ದು, ಕಂದು ಬಣ್ಣ. ಅದು ತೊಳೆದರೂ ಹೋಗಲ್ಲ, ನಿಮಗೆ ಗೊತ್ತಲ್ಲ. ಸುಲಿಯುವ ಮನೆಗೆ ವಾಪಸು ಬಂದಾಗ ಅವರ ಕೂಲಿಯ ಬುಟ್ಟಿ ಅರ್ಧಕ್ಕೇ ನಿಂತಿತ್ತು. ಸುಲಿದಷ್ಟಕ್ಕೇ ದುಡ್ಡು ಅಲ್ವಾ? ನಾನು ಪರ್ಸು ತೆಗೆದೆ. ಅವರು ನೋಡಿದ ನೋಟಕ್ಕೆ ವಾಪಸು ಒಳಗಿಟ್ಟೆ. ಅದೊಂದು ಕೆಲಸ ಮಾಡಬಾರದಿತ್ತು.

ಹೊರಡುವಾಗ ಮನೆಯಿಂದ ಅಕ್ಕಿ ಡಬ್ಬ ತಂದರು. ಅಕ್ಕಿಯನ್ನು ಪಾತ್ರೆಗೆ ಸುರಿದು, ಸೆರಗಿನಲ್ಲಿ ಒರೆಸಿ, ಕಾಗದ ಜೋಡಿಸಿ, ಮುಚ್ಚಳ ಒತ್ತಿ ಕೊಟ್ಟರು. "ಈ ಸಲ ಬಿದ್ರೂ ತೇಲ್ತದೆ." ಸಂಕ ದಾಟಿಸಲು ತಾವೇ ಮುಂದೆ ನಡೆದರು. ಆನಂದಪುರ ದಾಟುವಾಗ ಬೆಳಗಾಯಿತು. ಡಬ್ಬ ತೊಡೆಯ ಮೇಲೆ, ಒಳಗಿಂದ ಅಕ್ಕಿಯ ವಾಸನೆ.

ಪ್ರತಿ ವರ್ಷ ದಾನಿಗಳಿಗೆ ನಾನೊಂದು ವರದಿ ಬರೆಯುತ್ತೇನೆ. ಅದರಲ್ಲಿ ನನ್ನ ಹೆಸರು 'ಯೋಜನೆಯ ಮುಖ್ಯಸ್ಥೆ' ಕೆಳಗೆ ಬರುತ್ತದೆ. ಅಕ್ಕನ ಅರ್ಜಿಯೂ ಆ ಕಟ್ಟಿನಲ್ಲೇ ಇರುವುದರಿಂದ ಅವರು ಬರುವುದು 'ಫಲಾನುಭವಿಗಳು' ಅನ್ನುವ ಕಾಲಮ್ಮಿನಲ್ಲಿ, ಒಂದು ಸಂಖ್ಯೆಯಾಗಿ. ಈ ಸಲ ಆ ಕಾಲಮ್ಮು ತುಂಬಲು ಕೂತು ಒಂದು ಗಂಟೆ ಸುಮ್ನೆ ಇದ್ದೆ. ಕೊನೆಗೆ ಸಂಖ್ಯೆ ಹಾಕಿದೆ, ಬೇರೆ ಕಾಲಮ್ಮು ಇಲ್ಲ. ಗ್ರಾಮಸಭೆಯಲ್ಲಿ ಕೋರಂ ಆಗಲು ಊರಿನ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಆ ಹೆಂಗಸರನ್ನೆಲ್ಲ ಕೊಟ್ಟಿಗೆ ಕೆಲಸ ಬಿಡಿಸಿ ಕರೆತಂದಿದ್ದೂ ಅವರೇ. ನಡಾವಳಿಯಲ್ಲಿ 'ಕೋರಂ ಇದೆ' ಅಂತ ಎರಡು ಪದ ಇದೆ.

ಅಕ್ಕಾ, ಇದನ್ನು ನಿಮ್ಮ ಮಗ ಫೋನಿನಲ್ಲಿ ಓದಿ ಹೇಳುತ್ತಾನೆ. ಹೆಸರು ಹಾಕಿಲ್ಲ, ಬೈಬೇಡಿ. ಗ್ರಾಮಸಭೆ ದಿನಾಂಕ ಗೊತ್ತಾದ ಕೂಡಲೇ ಹೇಳುತ್ತೇನೆ. ನಿಮ್ಮ ಅಕ್ಕಿ ಡಬ್ಬ ಒಂದು ವರ್ಷದಿಂದ ನನ್ನ ಮೇಜಿನ ಮೇಲೇ ಇದೆ. ಭಾನುವಾರ ತರುತ್ತೇನೆ. ಖಾಲಿ ತರಲ್ಲ.